ಸತ್ತು ಬಂದವಳಿಗೆ ಬಿಸಿನೀರು

ನಮ್ಮ ಮನೆಯಲ್ಲಿ ಸತ್ತು ಬಂದವರು ಮುಂಬಾಗಿಲಿನಿಂದ ಒಳಗೆ ಬರುವಂತಿರಲಿಲ್ಲ. ಹಾಗೆ ಆಗಾಗ ಸತ್ತು ಬರುತ್ತಿದ್ದವಳು ಅಮ್ಮ ಒಬ್ಬಳೇ. ಅವಳು ನಟಿ. ಘಾನಾ ದೇಶದ ಅಕ್ರಾದಲ್ಲಿ ನಾಟಕ, ಟೀವಿ, ಸಿನಿಮಾಗಳಲ್ಲಿ ಹೆಸರು ಮಾಡಿದ್ದವಳು. ಮುಂದೆ ಓದುವುದಕ್ಕೆಂದು ಡನೀಡಿನ್ನಿಗೆ ಬಂದು, ಅಲ್ಲೇ ಓದುತ್ತಿದ್ದ ಧಾರವಾಡದ ಒಬ್ಬ ಎಂಜಿನಿಯರನನ್ನು ಮದುವೆಯಾಗಿ, ಆಕ್ಲಂಡಿನ ಹೆಂಡರ್ಸನ್ನಿನಲ್ಲಿ ಒಂದು ಹಳೆಯ ಮರದ ಮನೆ ಹಿಡಿದು ಉಳಿದುಬಿಟ್ಟಳು. ಆ ಮನೆಗೆ ನಾನು ಹುಟ್ಟಿದ ಮೇಲೆ ಅಪ್ಪನ ತಾಯಿ ಬಂದರು. ಮಗ ಕರಿಯ ಹೆಣ್ಣನ್ನು ಕಟ್ಟಿಕೊಂಡನೆಂದು ವರ್ಷಗಟ್ಟಲೆ ಫೋನೆತ್ತದಿದ್ದ ಅಜ್ಜಿ, ಮೊಮ್ಮಗಳಿಗೆ ಎಣ್ಣೆ ಹಚ್ಚಿ ಎರೆಯಲು ಆರು ತಿಂಗಳಿಗೆಂದು ಬಂದು, ತಿರುಗಿ ಹೋಗಲಿಲ್ಲ.

ಆ ಮನೆಯನ್ನು ನೆನೆದರೆ ನನಗೆ ಮೊದಲು ಕಾಣುವುದು ಹಿಂಬದಿಯ ಲಾಂಡ್ರಿ. ಬಟ್ಟೆ ಒಗೆಯುವ ಮಷಿನ್ನು, ಆಳವಾದ ಸ್ಟೀಲಿನ ತೊಟ್ಟಿ, ಒಂದು ಕೆಂಪು ಬಕೆಟ್ಟು, ನೇರ ಹಿತ್ತಲಿಗೆ ತೆರೆಯುವ ಬಾಗಿಲು. ಸಿಮೆಂಟಿನ ನೆಲ, ನಡುವೆ ನೀರು ಹೋಗಲು ಒಂದು ಜಾಲರಿ. ಗೋಡೆಯ ಈಚೆಗೆ ಅಡುಗೆಮನೆ. ಲಾಂಡ್ರಿಯಲ್ಲಿ ಬಿಸಿನೀರಿನ ನಲ್ಲಿ ತಿರುಗಿಸಿದರೆ ಗೋಡೆಯೊಳಗಿನ ಕೊಳವೆ ಯಾರೋ ಒಳಗಿನಿಂದ ಗುದ್ದಿದಂತೆ ಸದ್ದು ಮಾಡುತ್ತಿತ್ತು. ತಣ್ಣೀರಿಗೆ ಆ ಸದ್ದಿರಲಿಲ್ಲ. ಪ್ಲಂಬರನನ್ನು ಕರೆಸಬೇಕೆಂದು ಅಪ್ಪ ಪ್ರತಿ ಚಳಿಗಾಲದಲ್ಲೂ ಹೇಳುತ್ತಿದ್ದ, ಕರೆಸಲಿಲ್ಲ.

ಮೊದಲನೆಯ ಸಲ ಅಮ್ಮ ಸತ್ತಾಗ ನನಗೆ ಎಂಟೋ ಒಂಬತ್ತೋ. ಒಂದು ಪತ್ತೇದಾರಿ ಧಾರಾವಾಹಿಯಲ್ಲಿ ಹೋಟೆಲಿನ ಕೋಣೆ ಗುಡಿಸುವ ಹೆಂಗಸಿನ ಪಾತ್ರ ಸಿಕ್ಕಿತ್ತು. ಮೊದಲ ಕಂತಿನ ಮೊದಲ ದೃಶ್ಯದಲ್ಲೇ ಅವಳು ಬಾತ್‌ಟಬ್ಬಿನಲ್ಲಿ ಹೆಣವಾಗಿ ಸಿಗುತ್ತಾಳೆ. ಮಾತಿಲ್ಲ. ದಿನವಿಡೀ ಕಣ್ಣು ತೆರೆದುಕೊಂಡು ತಣ್ಣೀರಿನಲ್ಲಿ ಮಲಗಿದ್ದು ಸಂಜೆ ಮನೆಗೆ ಬಂದಳು. ಹೊರಗಿನಿಂದ ಯಾರೇ ಬರಲಿ, ಈ ದಿನ ಏನು ಮಾಡಿದೆ ಎಂದು ಕೇಳುವುದು ಅಜ್ಜಿಯ ರೂಢಿ. ಅಮ್ಮನಿಗೆ ಆಗ ಬರುತ್ತಿದ್ದ ಕನ್ನಡ ಸ್ವಲ್ಪ, ಇದ್ದಷ್ಟು ಧಾರವಾಡದ್ದು.

"ಸತ್ತೆ, ಅತ್ತಿ" ಅಂದಳು.

ಅಜ್ಜಿ ಎರಡೂ ಕೈ ಅಡ್ಡ ಹಿಡಿದು ಹೊಸ್ತಿಲಲ್ಲಿ ನಿಂತರು. ಅಪ್ಪ ಸೋಫಾದಿಂದಲೇ ನಗುತ್ತ, ಅದು ನಟನೆ, ಖರೆಯಲ್ಲ ಎಂದು ವಿವರಿಸಿದ. ಅಜ್ಜಿ ಅವನ ಮಾತನ್ನು ಅಲ್ಲಗಳೆಯಲಿಲ್ಲ. ಯೋಚಿಸಿದರು. ಯೋಚಿಸಿ ತೀರ್ಪು ಕೊಟ್ಟರು.

"ಖರೇ ಅಲ್ಲಂದ್ರ ಬಿಸಿನೀರು ನಡೀತದ. ಅರಿವಿ ಬಿಚ್ಚಿ ನೀರು ಹಾಕ್ಕೊಂಡ್ರೂ ನಡೀತದ. ಆದ್ರ ತಲಿ ಮ್ಯಾಲೆ ನೀರು ಬೀಳದ ಒಳಗ ಬರೂದು ಬ್ಯಾಡ. ಹಿಂದಿಂದ ಹೋಗು."

ನಿಜವಾದ ಸಾವಿಗೆ ಬೇರೆ ಕಟ್ಟಳೆ. ಅದನ್ನೂ ನಾವು ಆ ಲಾಂಡ್ರಿಯಲ್ಲೇ ನೋಡಿದ್ದೆವು. ಹುಬ್ಬಳ್ಳಿಯಿಂದ ತಮ್ಮ ಅಕ್ಕ ತೀರಿಕೊಂಡ ಸುದ್ದಿ ಬಂದಾಗ ಅಜ್ಜಿ ಉಟ್ಟ ಸೀರೆಯಲ್ಲೇ ಆ ಸಿಮೆಂಟಿನ ಮೇಲೆ ಕೂತು, ಬಕೆಟ್ಟು ತುಂಬ ತಣ್ಣೀರು ಸುರಿದುಕೊಂಡಿದ್ದರು. ಜುಲೈ ತಿಂಗಳು, ಈ ದೇಶದಲ್ಲಿ ಚಳಿಗಾಲ. ಹುಲ್ಲಿನ ಮೇಲೆ ಇಬ್ಬನಿ ಹೆಪ್ಪುಗಟ್ಟಿದ ಬೆಳಗು. ಬಿಸಿನೀರು ಬೆರೆಸಲು ಅಮ್ಮ ಕೆಟಲ್ ಹಿಡಿದು ಓಡಿದರೆ ಅಜ್ಜಿ ತಲೆಯಲ್ಲಾಡಿಸಿದರು. ಹತ್ತಿರದವರು ಹೋದಾಗ ಮೈಗೆ ಹಿತ ಆಗಬಾರದು ಎಂದು ಆಮೇಲೆ ಹೇಳಿದರು. ಅಮ್ಮ ಅದನ್ನು ನನ್ನಿಂದ ಎರಡು ಸಲ ಇಂಗ್ಲಿಷಿನಲ್ಲಿ ಹೇಳಿಸಿಕೊಂಡಳು.

ಮೊದಲ ಸಲ ಸತ್ತು ಬಂದ ಆ ಸಂಜೆ ಅಮ್ಮ ಸಿಟ್ಟಾಗುತ್ತಾಳೆಂದು ಅಪ್ಪ ಅಂದುಕೊಂಡಿದ್ದಿರಬೇಕು. ಅವಳು ಮನೆ ಸುತ್ತಿ ಹಿಂದೆ ಹೋದಳು. ಗೋಡೆಯ ಕೊಳವೆ ಗುದ್ದಿತು. ಒದ್ದೆ ತಲೆಗೆ ಟವೆಲ್ ಸುತ್ತಿಕೊಂಡು ಒಳಗೆ ಬಂದವಳ ಮುಖದಲ್ಲಿ ನಗುವಿತ್ತು. ಈ ದೇಶದಲ್ಲಿ ನನ್ನ ಸಾವನ್ನು ಗಂಭೀರವಾಗಿ ತೆಗೆದುಕೊಂಡವಳು ನಿನ್ನ ಅಜ್ಜಿ ಒಬ್ಬಳೇ ಎಂದು ನನಗೆ ಹೇಳಿದಳು. ಅಮ್ಮ ನನ್ನ ಜೊತೆ ಆಡುತ್ತಿದ್ದದ್ದು ಇಂಗ್ಲಿಷ್. ಇಲ್ಲಿ ಅವಳ ಮಾತುಗಳನ್ನು ಕನ್ನಡಕ್ಕೆ ತರುತ್ತಿದ್ದೇನೆ. ತರುವಾಗ ಎಷ್ಟು ಅವಳದಾಗಿ ಉಳಿಯುತ್ತದೆ, ಎಷ್ಟು ನನ್ನದಾಗುತ್ತದೆ, ಹೇಳಲಾರೆ. ಆದರೂ ಕನ್ನಡದಲ್ಲೇ ಬರೆಯಬೇಕೆಂದು ಹಟ ಹಿಡಿದಿದ್ದೇನೆ. ಅಮ್ಮ ಕನ್ನಡ ಓದಲಾರಳು. ಅಪ್ಪ ಓದಬಲ್ಲ.

ಅಕ್ರಾದಲ್ಲಿ ಅವಳು ಏನಾಗಿದ್ದಳು ಎನ್ನುವುದಕ್ಕೆ ನನ್ನ ಬಳಿ ಇರುವ ಪುರಾವೆ ಕಡಿಮೆ. ಒಂದಷ್ಟು ಫೋಟೊ, ಅವುಗಳಲ್ಲಿ ತಲೆಗೆ ಎತ್ತರದ ವಸ್ತ್ರ ಕಟ್ಟಿದ ರಾಣಿಯಾಗಿ, ಗಂಡನಿಗೆ ಪೊರಕೆ ಎತ್ತಿದ ಹೆಂಡತಿಯಾಗಿ, ಒಮ್ಮೆ ಬೋಳುತಲೆಯ ಮುದುಕನಾಗಿಯೂ ಇದ್ದಾಳೆ. ಅವಳು ಹೇಳುತ್ತಿದ್ದದ್ದು ಉಳಿದೆಲ್ಲ: ಭಾನುವಾರ ಸಂಜೆಯ ಟೀವಿ ನಾಟಕಕ್ಕೆ ಬೀದಿ ಖಾಲಿಯಾಗುತ್ತಿತ್ತು, ಊರೂರು ತಿರುಗುವ ನಾಟಕಕ್ಕೆ ಜನ ಮನೆಯಿಂದ ಸ್ಟೂಲು ಹೊತ್ತು ಬರುತ್ತಿದ್ದರು, ದುಷ್ಟ ಸವತಿಯ ಪಾತ್ರ ಮಾಡಿದ ವರ್ಷ ಮಾರುಕಟ್ಟೆಯಲ್ಲಿ ಅವಳಿಗೆ ಯಾರೂ ಟೊಮ್ಯಾಟೊ ಮಾರಲಿಲ್ಲ. ಇದರಲ್ಲಿ ಎಷ್ಟು ನಿಜವೆಂದು ನನ್ನಂಥ ಅನುಮಾನದ ಪ್ರಾಣಿ ಕೇಳಿಕೊಳ್ಳದೆ ಇರಲಾರದು. ಆದರೆ ಒಂದನ್ನು ಕಣ್ಣಾರೆ ಕಂಡಿದ್ದೇನೆ. ದಕ್ಷಿಣ ಆಕ್ಲಂಡಿನ ಶನಿವಾರದ ಸಂತೆಯಲ್ಲಿ ಗೆಣಸು ಆರಿಸುತ್ತಿದ್ದ ಘಾನಾದ ಒಬ್ಬ ಹಿರಿಯ ಹೆಂಗಸು ಅಮ್ಮನನ್ನು ಕಂಡು ಚೀಲ ಕೆಳಗಿಟ್ಟು, ಅವಳ ಮುಖವನ್ನು ಎರಡೂ ಕೈಯಲ್ಲಿ ಹಿಡಿದು ಅತ್ತಳು. ಪಕ್ಕದಲ್ಲಿ ನಿಂತ ಅಪ್ಪ ಗಡಿಯಾರ ನೋಡಿಕೊಂಡ. ಪಾರ್ಕಿಂಗ್ ಸಮಯ ಮುಗಿಯುತ್ತಿತ್ತು.

ಇಲ್ಲಿ ಅವಳಿಗೆ ಸಿಗುತ್ತಿದ್ದ ಪಾತ್ರಗಳೆಂದರೆ ಸಾಯುವವರು, ಇಲ್ಲವೇ ಮಕ್ಕಳು ಸತ್ತವರು. ದೋಣಿಯಲ್ಲಿ ಬಂದ ನಿರಾಶ್ರಿತೆ. ಆಸ್ಪತ್ರೆಯ ಧಾರಾವಾಹಿಯಲ್ಲಿ ಮುಳುಗಿಹೋದ ಹುಡುಗನ ತಾಯಿ. ಅಮ್ಮನ ಇಂಗ್ಲಿಷ್ ಅವಳ ನಿರ್ದೇಶಕರ ಇಂಗ್ಲಿಷಿಗಿಂತ ಶುದ್ಧವಾಗಿತ್ತು. ಇನ್ನೂ ಸ್ವಲ್ಪ ಆಫ್ರಿಕನ್ ಆಗಿ ಮಾತಾಡಿ ಎನ್ನುತ್ತಿದ್ದರಂತೆ. ಅಪ್ಪ ಬಾರ್ಬೆಕ್ಯೂಗಳಲ್ಲಿ ನನ್ನ ಹೆಂಡತಿ ನಟಿ ಎಂದು ಹೆಮ್ಮೆಯಿಂದ ಪರಿಚಯಿಸುತ್ತಿದ್ದ, ಯಾವುದರಲ್ಲಿ ನೋಡಿದ್ದೇವೆ ಎಂದು ಯಾರಾದರೂ ಕೇಳಿದರೆ, ಕಣ್ಣು ಮಿಟುಕಿಸಿದರೆ ತಪ್ಪಿಹೋಗುತ್ತಾಳೆ ಎಂದು ತಾನೇ ಮೊದಲು ನಗುತ್ತಿದ್ದ. ಪ್ರತಿ ಸಾವಿನ ನಂತರ ಅಮ್ಮ ಹಿಂದಿನಿಂದ ಬರುತ್ತಿದ್ದಳು. ಲಾಂಡ್ರಿಯಲ್ಲಿ ಅಜ್ಜಿ ಟವೆಲ್ಲು, ಸೀಗೆಪುಡಿ ಇಟ್ಟಿರುತ್ತಿದ್ದರು. ಶೂಟಿಂಗಿಗೆ ತಾಳಿ ತೆಗೆಯಬೇಕಾದ ದಿನ ಅರಿಷಿಣದ ಕೊಂಬನ್ನು ದಾರಕ್ಕೆ ಕಟ್ಟಿ, ಕ್ಯಾಮೆರಾ ಕಾಣದ ಹಾಗೆ ಅವಳ ತೋಳಿನ ಮೇಲ್ಭಾಗಕ್ಕೆ ಬಿಗಿಯುತ್ತಿದ್ದರು. ಮೇಕಪ್ಪಿನವರು ಏನಿದು ಎಂದು ಕೇಳಿದರೆ ಅಮ್ಮ ಇನ್ಶೂರೆನ್ಸ್ ಅನ್ನುತ್ತಿದ್ದಳಂತೆ.

ಈ ಇಬ್ಬರು ಹೆಂಗಸರು ಹೇಗೆ ಹತ್ತಿರವಾದರು ಎನ್ನುವುದನ್ನು ಸರಿಯಾಗಿ ಹೇಳಲಾರೆ. ಅಮ್ಮನ ಹೆಸರು ಅಬೇನಾ. ಅವರಲ್ಲಿ ಮಂಗಳವಾರ ಹುಟ್ಟಿದ ಹೆಣ್ಣುಮಗುವಿಗೆ ಇಡುವ ಹೆಸರು. ಸೊಸೆಗೆ ಹೊಸ ಹೆಸರಿಡುವುದು ಅಜ್ಜಿಯ ಮನೆತನದ ಪದ್ಧತಿ, ಆದರೆ ಮದುವೆಗೇ ಅವರು ಬಂದಿರಲಿಲ್ಲ. ಹೆಸರಿನ ಅರ್ಥ ತಿಳಿದ ದಿನ ಸ್ಟೀಲಿನ ತಾಟಿನಲ್ಲಿ ಅಕ್ಕಿ ಹರಡಿ, ಬೆರಳಿನಿಂದ ಮಂಗಳಾ ಎಂದು ಬರೆದರು. ಅಡುಗೆಮನೆಯಲ್ಲಿ ಜಗಳಕ್ಕೆ ಕೊರತೆಯಿರಲಿಲ್ಲ. ಒಣಮೀನಿನ ವಾಸನೆಗೆ ಅಜ್ಜಿ ಊಟ ಬಿಟ್ಟರು, ಅಮ್ಮನ ಒಲೆ ಗ್ಯಾರೇಜಿಗೆ ಹೋಯಿತು, ಅಮ್ಮ ಎರಡು ವಾರ ಗ್ಯಾರೇಜಿನಲ್ಲೇ ಉಂಡಳು. ಕೊನೆಗೆ ರಾಜಿ ಮಾಡಿಸಿದ್ದು ಶೇಂಗಾ. ಅಮ್ಮನ ಊರಿನ ಶೇಂಗಾದ ಸಾರಿಗೆ ಅಜ್ಜಿ ಜೋಳದ ರೊಟ್ಟಿ ಮುರಿದು ಅದ್ದಿ ನೋಡಿ, ಅಷ್ಟ ದೂರದ ದೇಶದಾಗೂ ಇದನ್ನ ಮಾಡ್ತಾರಂದ್ರ ಅವರೂ ಮಂದೀನs ಎಂದರು. ಅಜ್ಜಿ ಹಾಗೆಂದದ್ದು ನಿಜ. ಆ ಮಾತಿನಲ್ಲಿ ಎಷ್ಟು ವಿಷವಿತ್ತು, ಎಷ್ಟು ಪ್ರೀತಿಯಿತ್ತು ಎಂದು ಈಗಲೂ ಅಳೆಯುತ್ತಿರುತ್ತೇನೆ.

ಆಮೇಲೆ ಆ ನಾಟಕ ಬಂತು. ಆಕ್ಲಂಡಿನ ಒಂದು ಸಣ್ಣ ತಂಡ, ಹೊಸ ನಾಟಕ. ಹೊಸ ರಸ್ತೆಗಾಗಿ ತನ್ನ ಮನೆಯನ್ನು ಬಿಟ್ಟುಕೊಡಲೊಲ್ಲದ ಒಬ್ಬ ವಿಧವೆಯ ಕತೆ. ಅವಳು ಯಾವ ದೇಶದವಳೆಂದು ನಾಟಕದಲ್ಲಿ ಎಲ್ಲೂ ಹೇಳಿರಲಿಲ್ಲ. ಪರದೆ ಏಳುವುದರಿಂದ ಬೀಳುವವರೆಗೆ ರಂಗದ ಮೇಲೆ ಇರಬೇಕಾದ ಪಾತ್ರ. ಇಲ್ಲಿ ಮೂರು ವಾರ, ಆಮೇಲೆ ದಕ್ಷಿಣ ದ್ವೀಪದಲ್ಲಿ ತಿರುಗಾಟ. ಪಾತ್ರ ಅಮ್ಮನಿಗೇ ಎಂದು ನಿರ್ದೇಶಕಿ ಮನೆಗೇ ಬಂದು ಹೇಳಿ ಹೋದಳು. ಅಮ್ಮ ಗ್ಯಾರೇಜಿಗೆ ಹೋಗಿ ಬಾಗಿಲು ಹಾಕಿಕೊಂಡು ಕುಣಿದಳು. ಹಲಗೆಯ ಗೋಡೆ ಅದುರುವುದು ನಮಗೆ ಕೇಳಿಸುತ್ತಿತ್ತು. ಹೊರಗೆ ಬಂದು ನನ್ನ ಭುಜ ಹಿಡಿದು, ಇದರಲ್ಲಿ ನಾನು ಸಾಯುವುದಿಲ್ಲ ಎಂದಳು.

ಅಜ್ಜಿಗೆ ಇದು ಸಾವಿಗಿಂತ ಕೆಟ್ಟದಾಗಿ ಕಂಡಿತು. ಮುತ್ತೈದೆ ತಾನಾಗಿ ಹಣೆ ಬರಿದು ಮಾಡಿಕೊಂಡು, ಊರ ಮುಂದೆ ವಿಧವೆಯಾಗಿ ನಿಲ್ಲುವುದು. ಸತ್ತರೆ ಸ್ನಾನವಿದೆ, ಇದಕ್ಕೆ ಯಾವ ನೀರು? ಹಲವು ದಿನ ಮಾತು ಬಿಟ್ಟರು. ಅಮ್ಮ ವಾದಿಸಲಿಲ್ಲ. ದಿನಾ ಸಂಜೆ ಗ್ಯಾರೇಜಿನಲ್ಲಿ ಅಭ್ಯಾಸ ಮಾಡುತ್ತಿದ್ದಳು, ರೋಲರ್ ಬಾಗಿಲನ್ನು ಅರ್ಧ ಎತ್ತಿ. ಅಜ್ಜಿ ಬಟ್ಟೆ ಒಣಹಾಕುವ ನೆಪದಲ್ಲಿ ಆಚೆಗೆ ನಿಂತು ನೋಡುತ್ತಿದ್ದರು. ಅವರಿಗೆ ಇಂಗ್ಲಿಷ್ ಬರದು, ಮೈ ಮಾತ್ರ ನೋಡಿದರು. ಒಂದು ಸಂಜೆ ಬಾಗಿಲಿನ ಕೆಳಗೆ ಬಗ್ಗಿ ಒಳಗೆ ಬಂದೇಬಿಟ್ಟರು.

"ಅಳಬ್ಯಾಡ. ಅಳೂದು ನಾಕ ದಿನದ ಮಾತು. ಆಮ್ಯಾಲೆ ಕೈ ಏನ್ ಮಾಡ್ತಾವ ಅದನ್ನ ನೋಡು."

ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂತು ತೋರಿಸಿದರು. ಏನೂ ದುಃಖವಿಲ್ಲದ ಮುಖ. ಯಾರೋ ಕರೆದಂತೆ ತಲೆ ಎತ್ತಿದರು, ಬಲಗೈ ತಾನೇ ಕೊರಳಿಗೆ ಹೋಯಿತು, ಅಲ್ಲಿ ಇರಬೇಕಾದದ್ದು ಇರಲಿಲ್ಲ, ಕೈ ಅದನ್ನು ಮುಚ್ಚಿಡಲೆಂಬಂತೆ ಇಳಿದು ಸೆರಗಿನ ಅಂಚನ್ನು ಸರಿಪಡಿಸಿತು. ಇಷ್ಟೇ. ಅಜ್ಜ ತೀರಿಕೊಂಡು ಇಪ್ಪತ್ತು ವರ್ಷಗಳ ಮೇಲಾಗಿತ್ತು. ದಿನವೂ ಜೊತೆಗಿದ್ದ ನಾನು ಆ ಕೈಯನ್ನು ಅದುವರೆಗೆ ನೋಡಿರಲಿಲ್ಲ. ಅಮ್ಮ ನೆಲದ ಮೇಲೆ ಕೂತು ಅದನ್ನು ಮತ್ತೆ ಮತ್ತೆ ಮಾಡಿಸಿಕೊಂಡಳು. ನೀನು ಅವಸರ ಮಾಡ್ತಿ, ಕೈಗೆ ಅದು ಇಲ್ಲಂತ ಇನ್ನೂ ಗೊತ್ತಿಲ್ಲ ಎಂದು ಅಜ್ಜಿ ತಿದ್ದಿದರು. ನಾನು ನಡುವೆ ಕೂತು ಕನ್ನಡವನ್ನು ಇಂಗ್ಲಿಷು ಮಾಡುತ್ತಿದ್ದೆ, ಕೊನೆಕೊನೆಗೆ ಅದರ ಅಗತ್ಯವೂ ಇರಲಿಲ್ಲ. ಬಾಲ್ಯದಲ್ಲಿ ಸುಖವಾಗಿದ್ದ ಕಾಲ ಯಾವುದೆಂದು ಯಾರಾದರೂ ಕೇಳಿದರೆ ನಾನು ಎಂಜಿನ್ ಆಯಿಲ್ ವಾಸನೆಯ ಆ ಕೆಲವು ಸಂಜೆಗಳನ್ನು ಹೇಳುತ್ತೇನೆ.

ತಂಡದ ತಾಲೀಮು ಶುರುವಾಗುವ ಮುಂಚಿನ ಶನಿವಾರ ಅಪ್ಪ ಹುಲ್ಲು ಕತ್ತರಿಸುತ್ತ ಕುಸಿದುಬಿದ್ದ. ಹೃದಯ. ಆಂಬುಲೆನ್ಸು ಬೇಗ ಬಂತು, ರಕ್ತನಾಳಕ್ಕೆ ಸ್ಟೆಂಟ್ ಹಾಕಿದರು, ವಾರದೊಳಗೆ ಮನೆಗೆ ಕಳಿಸಿದರು. ಇನ್ನು ಹೆದರುವಂಥದ್ದೇನಿಲ್ಲ, ನಡೆದಾಡಿ, ಉಪ್ಪು ಬಿಡಿ ಎಂದರು. ನೋಡಲು ಬಂದವರಲ್ಲಿ ತಕಾನಿನಿ ಬಡಾವಣೆಯ ಒಬ್ಬ ಆಂಟಿ, ನಮ್ಮ ಕನ್ನಡ ಬಳಗದವರು, ಅಡುಗೆಮನೆಯಲ್ಲಿ ಅಜ್ಜಿಯ ಕಿವಿಯ ಹತ್ತಿರ ಬಗ್ಗಿ, ಹೆಂಡತಿ ಇಂಥ ಪಾತ್ರಕ್ಕೆ ಒಪ್ಪಿಕೊಂಡರೆ ಇನ್ನೇನಾಗುತ್ತದೆ ಎಂದರು. ಅಜ್ಜಿ ಚಹಾ ಸೋಸುತ್ತಿದ್ದರು. ಸೋಸುವುದನ್ನು ನಿಲ್ಲಿಸಲಿಲ್ಲ.

"ನನ್ನ ಗಂಡ ಸತ್ತಾಗ ನಾ ಯಾವ ನಾಟಕದಾಗ ಇದ್ದೆ, ಹೇಳವಾ?"

ಇದನ್ನು ನಾನು ಕಟ್ಟಿಲ್ಲ. ನನ್ನ ನೆನಪಿನ ಬೇರೆ ಯಾವುದನ್ನು ಬೇಕಾದರೂ ಅನುಮಾನಿಸಲು ತಯಾರಿದ್ದೇನೆ. ಆ ವಯಸ್ಸಿನ ನನ್ನ ಡೈರಿಯಲ್ಲಿ ಆ ವಾರದ ಬಗ್ಗೆ ಮಳೆ, ಫಿಶ್ ಅಂಡ್ ಚಿಪ್ಸ್, ಗೆಳತಿಯ ಹೊಸ ಟ್ರ್ಯಾಂಪೊಲಿನ್ ಎಂದಷ್ಟೇ ಇದೆ. ಆದರೆ ಆ ಆಂಟಿಯ ಮುಖ ಕಪ್ಪಿಟ್ಟದ್ದು, ಆ ಮಾತು ಅಡುಗೆಮನೆಯಲ್ಲಿ ಉಳಿದ ರೀತಿ, ಎರಡೂ ನನಗೆ ಗೊತ್ತು.

ಎರಡು ದಿನ ಕಳೆದು ಅದೇ ಅಡುಗೆಮನೆಯಲ್ಲಿ, ಊಟದ ಮೇಜಿನ ಬಳಿ ನಾವು ನಾಲ್ವರೂ ಇದ್ದೆವು. ಅಜ್ಜಿ ಮಡಿಲಲ್ಲಿ ಹುರಿದ ಶೇಂಗಾ ಇಟ್ಟುಕೊಂಡು ಸಿಪ್ಪೆ ತಿಕ್ಕುತ್ತಿದ್ದರು. ಅಪ್ಪ ಅಮ್ಮನಿಗೆ ಇಂಗ್ಲಿಷಿನಲ್ಲಿ ಹೇಳಿದ, ಮೆಲ್ಲಗೆ, ಬಹಳ ಒಳ್ಳೆಯ ದನಿಯಲ್ಲಿ:

"ಅವ್ವ ನಿದ್ದೆ ಮಾಡುತ್ತಿಲ್ಲ. ನೀನು ವಿಧವೆಯಾಗಿ ನಿಂತರೆ ನನಗೇನೋ ಆಗುತ್ತದೆ ಎಂದು ಹೆದರಿದ್ದಾಳೆ. ನಾನು ಇದನ್ನೆಲ್ಲ ನಂಬುವುದಿಲ್ಲ, ನಿನಗೆ ಗೊತ್ತು. ಅವಳಿಗೋಸ್ಕರ ಇದೊಂದನ್ನು ಬಿಟ್ಟುಬಿಡು."

ನಡುವೆ ಅವ್ವ ಎಂಬ ಪದ ಕೇಳಿ ಅಜ್ಜಿ ತಲೆ ಎತ್ತಿದರು. ಏನಂತಾನ ಎಂದು ನಗುತ್ತ ಕೇಳಿದರು. ಅಪ್ಪನೇ ಕನ್ನಡದಲ್ಲಿ ಹೇಳಿದ:

"ಏನಿಲ್ಲ ಅವ್ವಾ. ಮಂಗಳಾಗ ಈ ನಾಟಕದ ತಿರುಗಾಟ ಭಾಳ ಆಗ್ತದಂತ. ಮಾಡಲೋ ಬ್ಯಾಡೋ ಅಂತ ಯೋಚನಿ ಮಾಡ್ಲಿಕತ್ತಾಳ."

ಅಪ್ಪ ಓದಿದವನು. ಗಣೇಶನಿಗೆ ಕೈ ಮುಗಿಯುವಾಗಲೂ ಒಂದು ಕಣ್ಣಿನಲ್ಲಿ ನಗು ಇಟ್ಟುಕೊಂಡವನು. ಇಡೀ ಮನೆಯಲ್ಲಿ ಆ ಭಯ ಇದ್ದದ್ದು ಅವನೊಬ್ಬನಿಗೆ. ಅದನ್ನು ತನ್ನದೆಂದು ಹೇಳಿಕೊಳ್ಳಲು ನಾಚಿಕೆಯಾಗಿ, ಇಂಗ್ಲಿಷ್ ಬಾರದ ತಾಯಿಯ ಬಾಯಿಗೆ ಹಾಕಿದ. ಅಮ್ಮ ಅಜ್ಜಿಯ ಮಡಿಲನ್ನು ನೋಡುತ್ತಿದ್ದಳು. ಆಮೇಲೆ ಎದ್ದು ತಟ್ಟೆ ತೊಳೆದಳು.

ಮರುದಿನ ಶಾಲೆಗೆ ಹೋಗುವಾಗ ಕಾರಿನಲ್ಲಿ ನಾನು ಹೇಳಿದೆ: ಅಜ್ಜಿ ಹಾಗೆ ಹೇಳಲೇ ಇಲ್ಲ.

"ಗೊತ್ತು. ಅಷ್ಟು ಕನ್ನಡ ನನಗೆ ಬರುತ್ತದೆ. ತನಗೆ ಭಯವಾಗಿದೆ ಎಂದು ಅವನು ಹೇಳಿದ್ದರೆ ಬಹುಶಃ ನಾನು ಅಲ್ಲೇ ಬಿಟ್ಟುಬಿಡುತ್ತಿದ್ದೆ. ಸಂತೋಷದಿಂದ."

ಹಾಗಾದರೆ ಈಗ ಮಾಡು ಎಂದೆ. ಸಿಗ್ನಲ್ ಹಸಿರಾಯಿತು. ಅವನ ಎದೆಗೆ ಇನ್ನೊಮ್ಮೆ ಏನಾದರೂ ಆದರೆ ಈ ಮನೆಯಲ್ಲಿ ಅದು ನನ್ನ ಹೆಸರಿಗೇ ಬರುತ್ತದೆ ಎಂದಳು. ಅವತ್ತೇ ತಂಡಕ್ಕೆ ಫೋನ್ ಮಾಡಿ, ಮನೆಯಲ್ಲಿ ಕಾಯಿಲೆ ಎಂದಳು. ಸುಳ್ಳೂ ಅಲ್ಲ. ಅಜ್ಜಿ ಅವಳನ್ನು ಹಿತ್ತಲಲ್ಲಿ ಹಿಡಿದು ನಿಲ್ಲಿಸಿ, ಯಾಕ ಬಿಟ್ಟಿ, ನಾ ಹೇಳಿಕೊಟ್ಟದ್ದು ಸರಿ ಆಗಲಿಲ್ಲೇನು ಎಂದು ಕೇಳಿದರು. ಮಗ ಹೇಳಿದ ಸುಳ್ಳನ್ನು ಅಜ್ಜಿಯ ಮುಂದೆ ಬಿಚ್ಚಿಡುವುದು ಅಮ್ಮನಿಗೆ ಬೇಡವಾಗಿತ್ತು.

"ಇಲ್ಲ ಅತ್ತಿ. ನನಗs ಬ್ಯಾಡಾತು."

ಅವಳ ಅತ್ಯುತ್ತಮ ಅಭಿನಯ ಯಾವುದೆಂದು ಅಕ್ರಾದವರು ಬೇರೇನೋ ಹೇಳಬಹುದು. ನಾನು ಕಂಡದ್ದು ಇದು. ಅಜ್ಜಿ ಪೂರ್ತಿ ನಂಬಿದರು, ನೊಂದುಕೊಂಡರು, ಮತ್ತೆ ಗ್ಯಾರೇಜಿಗೆ ಕಾಲಿಡಲಿಲ್ಲ. ಅಪ್ಪ ಮಾತ್ರ ಇವತ್ತಿಗೂ ಗೆಳೆಯರ ನಡುವೆ, ನಮ್ಮ ಅವ್ವ ಹಳೇ ಕಾಲದಾಕಿ, ಆಕಿ ಸಲುವಾಗಿ ಪಾಪ ಅಬೇನಾ ಎಷ್ಟು ಬಿಟ್ಟಳು ಎನ್ನುತ್ತಾನೆ. ಎಲ್ಲರೂ ತಲೆದೂಗುತ್ತಾರೆ. ಅಜ್ಜಿ ಈಗಿಲ್ಲ, ತಿದ್ದುವವರಿಲ್ಲ. ಹೇಳಿ ಹೇಳಿ ಅಪ್ಪ ಅದನ್ನು ನಂಬಿರಲೂಬಹುದು. ನೆನಪಿನ ಮೇಲೆ ನನಗೆ ಭರವಸೆ ಹೋದದ್ದಕ್ಕೆ ಇದೇ ಕಾರಣ, ಓದಿದ ಯಾವ ಪುಸ್ತಕವೂ ಅಲ್ಲ.

ಆಮೇಲೆ ಅಮ್ಮ ಸಾಯಲಿಲ್ಲ. ಏಜೆಂಟಿನ ಫೋನು ಬಂದರೆ ಬಿಡುವಿಲ್ಲ ಎನ್ನುತ್ತಿದ್ದಳು. ಹಲ್ಲಿನ ಡಾಕ್ಟರೊಬ್ಬರ ರಿಸೆಪ್ಷನ್ನಿನಲ್ಲಿ ಕೂರತೊಡಗಿದಳು. ಲಾಂಡ್ರಿಯ ಕೆಂಪು ಬಕೆಟ್ಟಿನಲ್ಲಿ ಬಟ್ಟೆ ಕ್ಲಿಪ್ಪುಗಳು ಸೇರಿಕೊಂಡವು. ನಾಟಕ ಬೇರೊಬ್ಬಳನ್ನು ಹಾಕಿಕೊಂಡು ನಡೆಯಿತು, ಮೆಚ್ಚುಗೆ ಪಡೆಯಿತು. ಚಳಿಗಾಲದಲ್ಲಿ ಆ ನಾಟಕ ತಿರುಗಾಟದಲ್ಲಿ ಡನೀಡಿನ್ನಿಗೆ ಬಂದಾಗ ಅಪ್ಪನೇ ಅಮ್ಮನಿಗೂ ನನಗೂ ವಿಮಾನದ ಟಿಕೆಟ್ ತೆಗೆದುಕೊಟ್ಟ. ಅವನಿಗೆ ಕೊಡುವುದು ಇಷ್ಟ.

ಆ ನಟಿ ಚೆನ್ನಾಗಿಯೇ ಮಾಡಿದಳು. ಅತ್ತಳು, ತುಂಬ ಅತ್ತಳು, ಜನರೂ ಅತ್ತರು. ಅಮ್ಮ ಅಳಲಿಲ್ಲ. ಎರಡನೆಯ ಅಂಕದಲ್ಲಿ ಬಾಗಿಲು ಬಡಿದ ಸದ್ದಾಗುತ್ತದೆ, ವಿಧವೆ ತಲೆ ಎತ್ತುತ್ತಾಳೆ. ಕತ್ತಲಲ್ಲಿ ಪಕ್ಕದ ಸೀಟಿನಲ್ಲಿ ಅಮ್ಮನ ಕೈ ಮೇಲೆದ್ದದ್ದು ಕಂಡಿತು. ಅವಳ ತಾಳಿ ಅವಳ ಕೊರಳಲ್ಲೇ ಇತ್ತು. ಕೈ ಅದನ್ನು ಮುಟ್ಟಿದರೂ ಸಿಗಲಿಲ್ಲವೆಂಬಂತೆ ಮೆಲ್ಲಗೆ ಇಳಿದು, ಕೋಟಿನ ಅಂಚನ್ನು ಸರಿಪಡಿಸಿತು. ಅವಸರವಿರಲಿಲ್ಲ.

ಮರುದಿನ ಸಂಜೆ ಹೆಂಡರ್ಸನ್ನಿಗೆ ಮರಳಿದೆವು. ನಾನು ಮುಂಬಾಗಿಲಿಗೆ ಹೋದೆ. ಅಮ್ಮ ಸೂಟ್‌ಕೇಸನ್ನು ನನ್ನ ಬಳಿ ಬಿಟ್ಟು, ಕೋಟಿನಲ್ಲೇ, ಮನೆಯ ಪಕ್ಕದಿಂದ ಹಿಂದೆ ನಡೆದಳು. ಒಳಗೆ ಅಪ್ಪ ಸುದ್ದಿ ನೋಡುತ್ತಿದ್ದ, ನಾಟಕ ಹೇಗಿತ್ತು ಎಂದು ತಿರುಗದೆ ಕೇಳಿದ. ಅಡುಗೆಮನೆಯಲ್ಲಿ ಅಜ್ಜಿ ರೊಟ್ಟಿ ಬಡಿಯುತ್ತಿದ್ದರು. ಗೋಡೆಯಾಚೆ ಕ್ಲಿಪ್ಪುಗಳನ್ನು ತೊಟ್ಟಿಗೆ ಸುರಿದ ಸದ್ದು, ಬಕೆಟ್ಟು ತುಂಬುವ ಸದ್ದು ಕೇಳಿಸಿತು. ಅಜ್ಜಿಯ ಕೈ ನಿಂತಿತು.

"ಯಾರ ಸತ್ತ್ರು ನಾಟಕದಾಗ?"

"ಯಾರೂ ಸಾಯೂದಿಲ್ಲಜ್ಜಿ ಅದರಾಗ."

ಮೊದಲ ಬಕೆಟ್ಟು ಸಿಮೆಂಟಿನ ಮೇಲೆ ಬಿತ್ತು. ಮತ್ತೆ ತುಂಬತೊಡಗಿತು. ಅಜ್ಜಿ ಒಲೆ ಆರಿಸಿ, ಹಿಟ್ಟು ಮೆತ್ತಿದ ಅಂಗೈಯನ್ನು ಗೋಡೆಯ ಮೇಲೆ ಊರಿ ನಿಂತರು, ಬಿಸಿನೀರಿನ ಕೊಳವೆ ಹಾಯುವ ಜಾಗದಲ್ಲಿ. ನಾನೂ ಕಿವಿಗೊಟ್ಟೆ. ಕೊಳವೆ ಗುದ್ದಲಿಲ್ಲ.